ಅಂಗಳದ ಅಡಿಕೆ, ಹನ್ನೊಂದು ದಿನಗಳ ಮೌನ: ಒಂದು ಪ್ರಕರಣ ಅಧ್ಯಯನ

2025ರ ಜನವರಿಯಲ್ಲಿ ಶಿರಸಿ ತಾಲೂಕಿನ ಒಂದು ಅಡಿಕೆ ಊರಿನಲ್ಲಿ ನಡೆದ ಸಣ್ಣ ಕಳವಿನ ವಿವರ ಇದು. ಕಳವಾದದ್ದು ಮೂರು ಸಲ, ಒಟ್ಟು ಸುಮಾರು ಆರು ಕಿಲೋ ರಾಶಿ ಅಡಿಕೆ, ಅಂದರೆ ಹಸಿಯಾಗಿ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ. ಮೊದಲನೆಯ ಸಲದ್ದನ್ನು ನಾನು ಕಣ್ಣಾರೆ ಕಂಡೆ, ಕಂಡೂ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಕಳವಿಗಿಂತ ಹೆಚ್ಚಾಗಿ ಆ ಹನ್ನೊಂದು ದಿನಗಳನ್ನೇ ಇಲ್ಲಿ ಪರಿಶೀಲಿಸಿದ್ದೇನೆ. ಊರಿನ ಹೆಸರನ್ನಾಗಲಿ, ಸಂಬಂಧಪಟ್ಟವರ ಹೆಸರನ್ನಾಗಲಿ ಬರೆದಿಲ್ಲ. ಕದ್ದವನು ಹದಿನೆಂಟು ತುಂಬದ ಹುಡುಗ. ಅವನು ಯಾರೆಂದು ಓದುವವರಿಗೆ ಗೊತ್ತಾಗಬೇಕಾದ ಅಗತ್ಯ ಎಳ್ಳಷ್ಟೂ ಇಲ್ಲ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುತ್ತಾರೆ, ಈ ಪ್ರಕರಣದಲ್ಲಿ ಬರುವ ಎಲ್ಲರಿಗೂ ನಾನು ಅಕ್ಕೋರೇ. ಹುಡುಗನ ತಾಯಿ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಅಂಗಳದ ಯಜಮಾನರು ನೆರೆಮನೆಯವರು, ನಲವತ್ತು ವರ್ಷಗಳ ಒಡನಾಟದವರು. ಅನುಮಾನಕ್ಕೆ ಗುರಿಯಾದ ಹಿರಿಯರು ಒಂದು ಕಾಲಕ್ಕೆ ಊರಿನ ಅರ್ಧ ತೋಟಗಳ ಕೊನೆ (ಅಡಿಕೆ ಗೊನೆ) ಕೊಯ್ದ ಕೊನೆಗೌಡರು. ಮರ ಹತ್ತುವ ಶಕ್ತಿ ಹೋದ ಮೇಲೆ ಸುಗ್ಗಿಯಲ್ಲಿ ಅಡಿಕೆ ಹರವುವುದು, ಮಗುಚುವುದು, ಸಂಜೆ ರಾಶಿ ಮಾಡಿ ಮುಚ್ಚುವುದು ಅವರ ಕೆಲಸವಾಗಿತ್ತು.

ಕಂಡದ್ದು

ಜನವರಿ 11, ಶನಿವಾರ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಮಕ್ಕಳು ಮಧ್ಯಾಹ್ನಕ್ಕೆ ಮನೆಗೆ ಬಂದಿರುತ್ತಾರೆ. ಆ ಹೊತ್ತಿನಲ್ಲಿ ಅಡಿಕೆ ಊರು ಹೇಗಿರುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದವರು, ಬೆಳಗಿನ ಜಾವ ಹಂಡೆಯಲ್ಲಿ ಬೇಯಿಸಿದವರು, ಎಲ್ಲರೂ ಊಟ ಮುಗಿಸಿ ಒಂದು ಗಳಿಗೆ ಕಣ್ಣು ಮುಚ್ಚುವ ಸಮಯ ಅದು. ನಮ್ಮ ಜಗುಲಿಯಿಂದ ನೆರೆಮನೆಯ ಅಂಗಳ ನಲವತ್ತು ಹೆಜ್ಜೆ ದೂರದಲ್ಲಿದೆ, ನಡುವೆ ಒಂದು ದಣಪೆ, ಅಂದರೆ ಅಡ್ಡಗಳುಗಳ ಬೇಲಿಬಾಗಿಲು. ಅಂಗಳದಲ್ಲಿ ಹಾಸಿದ್ದ ತಾಡಪತ್ರಿಯ ಮೇಲೆ ಬೇಯಿಸಿದ ಅಡಿಕೆ ಹರವಿತ್ತು, ಅದು ಒಣಗಿ ಮುಗಿಯುವ ಹಂತದ್ದು, ಕೈಯಾಡಿಸಿದರೆ ಗಲಗಲ ಸದ್ದು ಬರುವಂಥದ್ದು.

ಹುಡುಗ ತಾಡಪತ್ರಿಯ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ, ಅವನ ಬೆನ್ನು ನನ್ನ ಕಡೆಗಿತ್ತು. ಬಲಗೈ ಮತ್ತೆ ಮತ್ತೆ ನೆಲಕ್ಕೂ ಮಡಿಲಿಗೂ ಹೋಗಿ ಬರುತ್ತಿತ್ತು. ಎದ್ದು ನಿಂತಾಗ ಶಾಲೆಯ ಚೀಲವನ್ನು ಹೆಗಲಿಗೆ ಏರಿಸಿಕೊಂಡ ರೀತಿಯಲ್ಲೇ ಅದು ಭಾರವಾಗಿದೆಯೆಂದು ತಿಳಿಯುತ್ತಿತ್ತು. ಪಟ್ಟಿ ಭುಜಕ್ಕೆ ಒತ್ತಿ ಅಂಗಿ ನೆರಿಗೆಗಟ್ಟಿತ್ತು. ದಣಪೆ ದಾಟುವಾಗ ಅವನು ತಿರುಗಿದ. ನನ್ನನ್ನು ನೋಡಿದ, ನಾನೂ ನೋಡಿದೆ. ಒಂದೆರಡು ಕ್ಷಣ ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಅವನು ದರೆ ಇಳಿದು ಹೋದ.

ಆ ದಿನ ಸಂಜೆ ಕ್ಯಾಲೆಂಡರಿನ ಹಿಂಭಾಗದಲ್ಲಿ ಇದನ್ನು ಸಮಯ ಸಹಿತ ಬರೆದಿಟ್ಟುಕೊಂಡೆ. ಇಡೀ ಪ್ರಕರಣದಲ್ಲಿ ನಾನು ಸಮಯಕ್ಕೆ ಸರಿಯಾಗಿ ಮಾಡಿದ ಕೆಲಸ ಅದೊಂದೇ. ಬರೆಯುವಾಗ, ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂಬುದು ಸ್ಪಷ್ಟವಾಯಿತು. ಹುಡುಗ ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಚೀಲದೊಳಗೆ ಅಡಿಕೆ ಇತ್ತೆಂಬುದು ಮಾತ್ರ ನನ್ನ ಊಹೆಯಾಗಿತ್ತು, ಏಕೆಂದರೆ ಒಂದು ಅಡಿಕೆಯೂ ಚೀಲಕ್ಕೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅವನ ತಾಯಿ ಅದೇ ಮನೆಗೆ ಅಡಿಕೆ ಸುಲಿಯಲು ಹೋಗುವವಳು, ಅವಳೇ ಏನಾದರೂ ತರಲು ಕಳಿಸಿರಬಹುದಲ್ಲವೇ ಎಂದು ಮನಸ್ಸು ದಾರಿ ಹುಡುಕಿತು.

ಸುಮ್ಮನಾದದ್ದಕ್ಕೆ ಕಾರಣಗಳು

ಸಂಶಯದ ಲಾಭವನ್ನು ಹುಡುಗನಿಗೆ ಕೊಡುತ್ತಿದ್ದೇನೆಂದು ಅಂದು ನಾನು ನಂಬಿದ್ದೆ. ಈಗ ನೋಡಿದರೆ ಅದನ್ನು ಕೊಟ್ಟುಕೊಂಡದ್ದು ನನಗೆ ನಾನೇ. ಅವನ ಮೇಲಿನ ಸಂಶಯ ನಿಜವಾಗಿ ಬಗೆಹರಿಯಬೇಕೆಂದಿದ್ದರೆ, ಜಗುಲಿಯಿಂದಲೇ ‘ಏ ತಮಾ, ಎಂತ ಮಾಡ್ತಾ ಇದ್ದೆ ಅಲ್ಲಿ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಾಗೆ ಕೇಳುವುದರಿಂದ ಯಾರ ಮೇಲೂ ಆರೋಪ ಹೊರಿಸಿದಂತೆ ಆಗುತ್ತಿರಲಿಲ್ಲ. ಕೆಲಸಕ್ಕೆ ಬಂದಿದ್ದರೆ ಅವನು ಹಾಗೆಂದು ಹೇಳುತ್ತಿದ್ದ, ಕದಿಯಲು ಬಂದಿದ್ದರೆ ಚೀಲ ಅಲ್ಲೇ ಬರಿದಾಗುತ್ತಿತ್ತು. ಅಪರಾಧ ಇನ್ನೂ ಮುಗಿಯದಿದ್ದಾಗ ಅದನ್ನು ತಡೆಯುವ ಅತ್ಯಂತ ಹಗುರವಾದ, ಯಾರಿಗೂ ನೋವಾಗದ ದಾರಿ ಎದುರಿಗೇ ಇತ್ತು, ಮತ್ತು ಅದು ಒಂದು ನಿಮಿಷದೊಳಗೆ ಮುಚ್ಚಿಹೋಯಿತು.

ಕಂಡವರು ಏಕೆ ಸುಮ್ಮನಿರುತ್ತಾರೆ ಎಂಬುದರ ಬಗ್ಗೆ ಮನಶ್ಶಾಸ್ತ್ರದಲ್ಲಿ ಪ್ರಸಿದ್ಧವಾದ ಪ್ರಯೋಗವೊಂದಿದೆ. 1968ರಲ್ಲಿ ಅಮೆರಿಕದ ಡಾರ್ಲೆ ಮತ್ತು ಲಾಟಾನೆ ಎಂಬ ಸಂಶೋಧಕರು, ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿದಾಗ ಜನ ಏನು ಮಾಡುತ್ತಾರೆಂದು ಪರೀಕ್ಷಿಸಿದರು. ಕೇಳಿಸಿಕೊಂಡವರು ತಾನೊಬ್ಬನೇ ಇದ್ದೇನೆಂದು ತಿಳಿದಾಗ ಶೇ. 85 ಮಂದಿ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿದಾಗ ಎದ್ದವರು ಶೇ. 31 ಮಾತ್ರ. ಹತ್ತು ಜನರಿದ್ದ ಕಡೆ ಹೊಣೆ ಹತ್ತು ಪಾಲಾಗುತ್ತದೆ ಎಂಬುದು ಇದರ ತಾತ್ಪರ್ಯ. ನನ್ನ ವಿಷಯದಲ್ಲಿ ಇದು ಹೊಂದುವುದಿಲ್ಲ, ಏಕೆಂದರೆ ಕಂಡವಳು ನಾನೊಬ್ಬಳೇ, ಹೊಣೆಯನ್ನು ಹಂಚಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಪೇಟೆಯ ಜಂಗುಳಿಯಲ್ಲಿ ಮನುಷ್ಯನ ಬಾಯಿ ಕಟ್ಟುವುದು ಅಪರಿಚಿತತೆ. ನಮ್ಮಂಥ ಊರುಗಳಲ್ಲಿ ಬಾಯಿ ಕಟ್ಟುವುದು ಪರಿಚಯ. ಹುಡುಗನ ತಾಯಿಗೆ ಅಕ್ಷರ ಕಲಿಸಿದವಳು ನಾನು. ಮಾರ್ಚ್‌ನಲ್ಲಿ ಅವನಿಗೆ ಹತ್ತನೇ ತರಗತಿಯ ಪರೀಕ್ಷೆ. ಹೇಳಿದರೆ ತಾಯಿಯ ಕೆಲಸ ಹೋಗುತ್ತದೆ. ನಾಳೆ ಬೆಳಿಗ್ಗೆ ಇದೇ ದರೆಯಲ್ಲಿ ಎಲ್ಲರ ಮುಖ ನೋಡಬೇಕು. ಇವೆಲ್ಲ ಸುಳ್ಳು ಕಾರಣಗಳಲ್ಲ. ಆದರೆ ಈ ಲೆಕ್ಕದಲ್ಲಿ ಇದ್ದವರು ಹುಡುಗ, ಅವನ ತಾಯಿ, ಯಜಮಾನರು ಮತ್ತು ನಾನು. ಐದನೆಯ ವ್ಯಕ್ತಿಯೊಬ್ಬರು ಇದರೊಳಗೆ ಬರಬಹುದೆಂಬುದು ನನಗೆ ಹೊಳೆಯಲೇ ಇಲ್ಲ.

‘ಅಂತೆ’ ಬಿದ್ದುಹೋದ ಬಗೆ

ಜನವರಿ 15ರ ಬೆಳಿಗ್ಗೆ, ಸಂಕ್ರಾಂತಿಯ ಮರುದಿನ, ಯಜಮಾನರ ಮನೆಯಾಕೆಗೆ ತಾಡಪತ್ರಿಯ ಮೂಲೆಯಲ್ಲಿ ಮೊಗೆದ ಗುರುತು ಕಂಡಿತು. ಹರವಿದ ಅಡಿಕೆ ಉಳಿದೆಲ್ಲೆಡೆ ಒಂದೇ ಸಮನಾಗಿತ್ತು, ಅಲ್ಲಿ ಮಾತ್ರ ಅಂಗೈ ಎಳೆದಂತೆ ನೀಲಿ ತಾಡಪತ್ರಿ ಇಣುಕುತ್ತಿತ್ತು. ಅಂಗಳದಲ್ಲಿ ದಿನವಿಡೀ ಇರುವವರು ಯಾರು ಎಂಬ ಪ್ರಶ್ನೆ ಬಂತು, ಅದಕ್ಕೆ ಉತ್ತರ ಸುಲಭವಾಗಿತ್ತು. ಗೌಡರ ಬೆರಳುಗಳು ಕಂದುಗಟ್ಟಿದ್ದವು ಎಂಬುದನ್ನೂ ಯಾರೋ ಸಾಕ್ಷಿಯಾಗಿ ಸೇರಿಸಿದರು. ಹಸಿ ಅಡಿಕೆ ಸುಲಿದ, ತೊಗರಿನಲ್ಲಿ (ಅಡಿಕೆ ಬೇಯಿಸಿದ ರಸದಲ್ಲಿ) ಕೈಯಾಡಿಸಿದ ಯಾರ ಬೆರಳು ಜನವರಿಯಲ್ಲಿ ಬೆಳ್ಳಗಿರುತ್ತದೆ? ಅನುಮಾನ ಒಮ್ಮೆ ಹುಟ್ಟಿದರೆ ಎಲ್ಲರ ಕೈಯಲ್ಲೂ ಇರುವ ಕಲೆ ಒಬ್ಬರ ಕೈಯಲ್ಲಿ ಮಾತ್ರ ಕಾಣುತ್ತದೆ.

ಮರುದಿನ ಗುರುವಾರ ಅವರಿಗೆ ‘ಸದ್ಯಕ್ಕೆ ಬರುವುದು ಬೇಡ’ ಎಂದು ಹೇಳಿ ಕಳಿಸಲಾಯಿತು. ಕಳ್ಳ ಎಂದು ಯಾರೂ ಎದುರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಅಲ್ಲ ಎನ್ನಬಹುದಿತ್ತು. ಹೇಳದ ಆರೋಪಕ್ಕೆ ಉತ್ತರ ಕೊಡುವುದು ಹೇಗೆ?

ನನಗೆ ಸುದ್ದಿ ತಿಳಿದದ್ದು 19ರ ಭಾನುವಾರ ಬೆಳಿಗ್ಗೆ, ಹಾಲಿನ ಡೇರಿಯ ಸಾಲಿನಲ್ಲಿ. ಕನ್ನಡದಲ್ಲಿ ಕೇಳಿದ ಸುದ್ದಿಯನ್ನು ಹೇಳುವಾಗ ‘ಅಂತೆ’ ಎಂಬ ಒಂದು ಮಾತು ಸೇರುತ್ತದೆ. ನಮ್ಮ ಆಡುಮಾತಿನಲ್ಲಿ ಅದಕ್ಕೆ ‘ಅಡ’ ಎನ್ನುತ್ತೇವೆ. ‘ನಾನು ಕಂಡದ್ದಲ್ಲ, ಕೇಳಿದ್ದು’ ಎಂದು ಕ್ರಿಯಾಪದದ ಬೆನ್ನಿಗೇ ಎಚ್ಚರಿಕೆ ಕೊಡುವ ಈ ಪುಟ್ಟ ಮಾತನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಆ ಬೆಳಿಗ್ಗೆ ಒಬ್ಬಾಕೆ ‘ಗೌಡ ಕದ್ದನಡ’ ಎಂದಳು. ಅವಳ ಹಿಂದೆ ನಿಂತಿದ್ದವಳು ‘ಗೌಡ ಕದ್ದ’ ಎಂದಳು. ಮೂರನೆಯವಳು, ‘ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅವಂಗೆ’ ಎಂದಳು. ಒಂದು ಕ್ಯಾನು ಹಾಲು ಅಳೆದು ಮುಗಿಯುವಷ್ಟರಲ್ಲಿ ಕೇಳಿದ ಮಾತು ಕಂಡ ಮಾತಾಯಿತು, ಕಂಡ ಮಾತಿಗೆ ತೀರ್ಪೂ ಸೇರಿತು. ಆ ಸಾಲಿನಲ್ಲಿ ನಿಜವಾಗಿ ಕಂಡವಳು ನಾನೊಬ್ಬಳೇ ಇದ್ದೆ, ಮತ್ತು ಮಾತನಾಡದೆ ನಿಂತವಳೂ ನಾನೊಬ್ಬಳೇ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಕ್ಷುಲ್ಲಕ ವಸ್ತುವಿನ ಉದಾಹರಣೆಯಾಗಿಯೇ ಪಾಠ ಮಾಡಿದ್ದೆ. ಇಲ್ಲಿ ಅದು ಅಕ್ಷರಶಃ ಅಡಿಕೆಯೇ ಆಗಿತ್ತು, ಮತ್ತು ಹೋಗುತ್ತಿದ್ದದ್ದು ಮುಟ್ಟದವರ ಮಾನ.

ಇಷ್ಟು ಗೊತ್ತಾದ ಮೇಲೂ ನಾನು ಮೂರು ದಿನ ತೆಗೆದುಕೊಂಡೆ. 11ರಿಂದ 19ರವರೆಗಿನ ಮೌನಕ್ಕೆ ಸಂಶಯ, ಕರುಣೆ, ಸಂಕೋಚ ಎಂಬ ಹೆಸರುಗಳನ್ನು ಕೊಡಬಹುದು. 19ರ ನಂತರದ್ದಕ್ಕೆ ಅವು ಯಾವುವೂ ಹೊಂದುವುದಿಲ್ಲ. ಈಗ ಹೇಳಿದರೆ ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂದು ಕೇಳುತ್ತಾರೆಂಬ ಭಯವೊಂದೇ ಉಳಿದಿತ್ತು. ತಡವಾದಷ್ಟೂ ತಡಮಾಡುವುದಕ್ಕೆ ಹೊಸ ಕಾರಣ ಹುಟ್ಟುತ್ತದೆ ಎಂಬುದನ್ನು ನಾನು ಈ ಮೂರು ದಿನಗಳಲ್ಲಿ ಕಂಡುಕೊಂಡೆ.

ಪೊಲೀಸ್ ಠಾಣೆ ಎಂಬ ದಾರಿ

ಆ ಮೂರು ದಿನಗಳಲ್ಲಿ ಕಾನೂನು ಏನು ಹೇಳುತ್ತದೆಂದು ಶಿರಸಿಯ ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆ. ಕಳವು ಕಂಡವರು ತಿಳಿದಿರಬೇಕಾದ ಸಂಗತಿಗಳು ಇದರಲ್ಲಿವೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳವಿಗೆ 3 ವರ್ಷದವರೆಗೆ ಶಿಕ್ಷೆಯಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧ ಸಾಬೀತಾದದ್ದು ಮೊದಲ ಬಾರಿಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ರಾಶಿ ಅಡಿಕೆಯನ್ನು ಕಿಲೋಗೆ 450 ರೂಪಾಯಿ ಹಿಡಿದರೆ ನಮ್ಮ ಪ್ರಕರಣದ ಆರು ಕಿಲೋಗೆ 2,700 ರೂಪಾಯಿ. 5,000 ಮುಟ್ಟಬೇಕಾದರೆ ಹನ್ನೊಂದು ಕಿಲೋ ದಾಟಬೇಕು. ಬಯಲಂಗಳದ ಬದಲು ಮನೆಯೊಳಗಿನ ಅಟ್ಟಕ್ಕೆ ಕೈ ಹಾಕಿದ್ದರೆ 305ನೇ ಕಲಂ ಬರುತ್ತಿತ್ತು, ಅದಕ್ಕೆ 7 ವರ್ಷದವರೆಗಿನ ಶಿಕ್ಷೆ.

ಇದಕ್ಕಿಂತ ಮುಖ್ಯವಾದದ್ದು ಊರಿನವರು ‘ಹಿಡಿದು ಕಟ್ಟಿಹಾಕುವ’ ವಿಷಯ. ಖಾಸಗಿ ವ್ಯಕ್ತಿ ಬೇರೊಬ್ಬರನ್ನು ಹಿಡಿಯಬಹುದಾದ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂನಲ್ಲಿದೆ. ಹಾಗೆ ಹಿಡಿದವರನ್ನು ವಿಳಂಬವಿಲ್ಲದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಆದರೆ ಆ ಅಧಿಕಾರ ಇರುವುದು ನಮ್ಮ ಕಣ್ಣೆದುರಿಗೆ ನಡೆದ, ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ ಆದ ಅಪರಾಧಕ್ಕೆ, ಇಲ್ಲವೇ ಘೋಷಿತ ಅಪರಾಧಿಯ ವಿಷಯದಲ್ಲಿ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಅದೇ ಸಂಹಿತೆಯ ಅನುಸೂಚಿ ಅಸಂಜ್ಞೇಯ, ಜಾಮೀನು ಸಿಗುವ ಅಪರಾಧಗಳ ಸಾಲಿಗೆ ಸೇರಿಸಿದೆ. ಎರಡು ಮುಷ್ಟಿ ಅಡಿಕೆಗೆ ಹುಡುಗನೊಬ್ಬನನ್ನು ಮರಕ್ಕೆ ಕಟ್ಟಿ ಎರಡು ಪೆಟ್ಟು ಕೊಟ್ಟರೆ, ಕದ್ದವನ ಅಪರಾಧಕ್ಕಿಂತ ಕಟ್ಟಿದವರ ಅಪರಾಧ ದೊಡ್ಡದಾಗುತ್ತದೆ. ನಾನು ಆ ಮಧ್ಯಾಹ್ನ ‘ಕಳ್ಳ’ ಎಂದು ಕೂಗಿದ್ದರೆ ಹಾಗೆಯೇ ಆಗುವ ಸಾಧ್ಯತೆಯಿತ್ತು. ಕೂಗದಿದ್ದುದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಹುಡುಗ ಹದಿನೆಂಟರ ಒಳಗಿನವನಾದ್ದರಿಂದ ಅವನ ವಿಷಯ 2015ರ ಬಾಲನ್ಯಾಯ ಕಾಯ್ದೆಗೆ ಹೋಗುತ್ತದೆ. 3 ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಅದು ಸಣ್ಣ ಅಪರಾಧವೆಂದು ಕರೆಯುತ್ತದೆ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. 2016ರ ಮಾದರಿ ನಿಯಮಗಳ ಪ್ರಕಾರ ಇಂಥ ಅಪರಾಧಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಇಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಹುಡುಗನ ಮನೆಯ ಪರಿಸ್ಥಿತಿಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ಇಂಥ ಮಗುವಿನ ಗುರುತನ್ನು ಬಹಿರಂಗಪಡಿಸಿದವರಿಗೆ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಳವು ಮಾಡಿದ ಮಕ್ಕಳ ವಿಡಿಯೋ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವವರು ಇದನ್ನು ಓದಬೇಕು.

ಕಂಡವರು ತಿಳಿಸಲೇಬೇಕೆಂಬ ಕಡ್ಡಾಯ ಕೊಲೆ, ದರೋಡೆಗಳಂಥ ಅಪರಾಧಗಳಿಗಿದೆ, ಸಾಮಾನ್ಯ ಕಳವಿಗಿಲ್ಲ. ಅಂದರೆ ಕಾನೂನು ನನ್ನನ್ನು ಠಾಣೆಗೆ ಹೋಗೆಂದು ಒತ್ತಾಯಿಸುತ್ತಿರಲಿಲ್ಲ. ಅಂಗಳದಲ್ಲಿ ಯಾರಿಗಾದರೂ ಪೆಟ್ಟು ಬೀಳುತ್ತಿದ್ದರೆ ನಾನು 112ಕ್ಕೆ ಕರೆ ಮಾಡುತ್ತಿದ್ದೆ. ಇಲ್ಲಿ ಮೊದಲು ಮಾಡಬೇಕಾದದ್ದು ಅದಕ್ಕಿಂತ ಹತ್ತಿರದಲ್ಲಿತ್ತು.

ಹೇಳಿದ್ದು

22ರ ಬುಧವಾರ ಬೆಳಿಗ್ಗೆ ನೆರೆಮನೆಗೆ ಹೋದೆ. ಹುಡುಗನನ್ನು ಮೊದಲು ಮಾತನಾಡಿಸಿ ಅವನಿಂದಲೇ ಒಪ್ಪಿಸುವುದು ಚೆನ್ನಲ್ಲವೇ ಎಂಬ ಯೋಚನೆ ಬಂದಿತ್ತು. ಬೇರೆ ಯಾರ ಮೇಲೂ ಅನುಮಾನವಿಲ್ಲದಿದ್ದರೆ ಅದೇ ಸರಿಯಾದ ಕ್ರಮ. ಆದರೆ ಅವನ ಮನಸ್ಸು ಹದವಾಗುವವರೆಗೆ ಗೌಡರು ಮನೆಯಲ್ಲಿ ತಲೆ ತಗ್ಗಿಸಿ ಕೂರಬೇಕಾಗಿತ್ತು. ತಪ್ಪಿಲ್ಲದವರನ್ನು ಬಿಡಿಸುವುದು ಮೊದಲು, ತಪ್ಪಿದ್ದವನನ್ನು ತಿದ್ದುವುದು ಆಮೇಲೆ ಎಂದು ನಿಶ್ಚಯಿಸಿದೆ.

‘ನಿಮ್ಮ ಅಂಗಳದ ಅಡಿಕೆ ತೆಗೆದದ್ದು ಗೌಡರಲ್ಲ. ನಾನು ಕಂಡಿದ್ದೇನೆ’ ಎಂದು ಯಜಮಾನರಿಗೆ ಹೇಳಿದೆ.

‘ಮತ್ಯಾರು ಅಕ್ಕೋರೆ? ಆ ಸುಲಿಯೋರ ಪೈಕಿಯವರೇ ಅಲ್ವಾ?’

ಈ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇತ್ತು. ಕೇಳುವ ಶಬ್ದವೇ ನೆನಪನ್ನು ಬದಲಿಸುತ್ತದೆಂದು 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ತೋರಿಸಿದ್ದರು. ಕಾರುಗಳು ‘ತಾಗಿದಾಗ’ ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರೆ ಒಂದು ಅಂದಾಜು, ‘ಅಪ್ಪಳಿಸಿದಾಗ’ ಎಂದು ಕೇಳಿದರೆ ಅದಕ್ಕಿಂತ ಹೆಚ್ಚಿನ ಅಂದಾಜು ನೋಡಿದವರ ಬಾಯಿಂದ ಬಂದಿತ್ತು. ಹಾಗಾಗಿ ನಾನು ಕ್ಯಾಲೆಂಡರಿನ ಹಾಳೆಯನ್ನೇ ತೆಗೆದುಕೊಂಡು ಹೋಗಿದ್ದೆ. ಹೆಸರು ಹೇಳುವ ಮೊದಲು ಮೂರು ಮಾತು ಕೇಳಿಕೊಂಡೆ: ಕೈ ಮಾಡಬಾರದು, ಜನ ಸೇರಿಸಬಾರದು, ಮೊಬೈಲು ಹಿಡಿಯಬಾರದು. ಅವರು ಬಹಳ ಹೊತ್ತು ಸುಮ್ಮನಿದ್ದು ‘ಆಯ್ತು’ ಎಂದರು. ಕಂಡದ್ದನ್ನು ಬರೆದ ಹಾಗೆಯೇ ಓದಿದೆ, ಚೀಲದೊಳಗೆ ನೋಡಿಲ್ಲ ಎಂಬುದನ್ನೂ ಸೇರಿಸಿ.

ಅಂದು ಸಂಜೆ ತಾಯಿ, ಮಗ ಇಬ್ಬರೂ ಬಂದರು. ಹುಡುಗ ನಿರಾಕರಿಸಲಿಲ್ಲ. ಶನಿವಾರ, ಭಾನುವಾರ, ಸಂಕ್ರಾಂತಿಯ ದಿನ, ಹೀಗೆ ಮೂರು ಸಲ. ಗೆಳೆಯನ ಮೊಬೈಲಿನ ಗಾಜು ಒಡೆದಿದ್ದ, 1,400 ರೂಪಾಯಿ ಕೊಡಬೇಕಿತ್ತು. ಬಿಡಿ ಅಡಿಕೆ ಕೊಳ್ಳುವ ಒಂದು ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿಯಂತೆ 1,200 ಸಿಕ್ಕಿತ್ತು. ಶಾಲೆಯ ಚೀಲದಿಂದ ಹುಡುಗನೊಬ್ಬ ಅಡಿಕೆ ಸುರಿದಾಗ, ಇದು ಯಾರ ತೋಟದ್ದು ಎಂದು ಕೇಳದೆ ಅರ್ಧ ಧಾರಣೆಗೂ ಕಡಿಮೆಗೆ ತೂಗಿ ತೆಗೆದುಕೊಂಡ ಆ ವಯಸ್ಕರ ಮೇಲೆ ನನಗೆ ಬಂದ ಸಿಟ್ಟು ಹುಡುಗನ ಮೇಲೆ ಬರಲಿಲ್ಲ. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಳ್ಳುವುದಕ್ಕೂ ಕಳವಿನಷ್ಟೇ, 3 ವರ್ಷದವರೆಗಿನ ಶಿಕ್ಷೆಯಿದೆ. ಮರುದಿನ ಯಜಮಾನರೂ ನಾನೂ ಹೋಗಿ, ಮಕ್ಕಳಿಂದ ಇನ್ನು ಮುಂದೆ ಅಡಿಕೆ ಕೊಂಡರೆ ಠಾಣೆಗೆ ಬರೆದುಕೊಡುತ್ತೇವೆಂದು ಆ ಅಂಗಡಿಯಲ್ಲಿ ಹೇಳಿ ಬಂದೆವು.

ಹುಡುಗ ಹೇಳಿದ ಇನ್ನೊಂದು ಮಾತನ್ನು ಇಲ್ಲಿ ದಾಖಲಿಸಲೇಬೇಕು. ಮೊದಲ ಸಲ ತಪ್ಪು, ಮತ್ತೆ ಏಕೆ ಹೋದೆ ಎಂದು ತಾಯಿ ಕೇಳಿದಳು. ಅವನು ನನ್ನ ಕಡೆ ನೋಡದೆ ಹೇಳಿದ: ‘ಅಕ್ಕೋರು ಆವತ್ತೇ ನೋಡಿದ್ರು. ಎಂತದೂ ಹೇಳ್ಲಿಲ್ಲ. ಹಾಂಗಾಗಿ ಹೋದೆ.’

ಅವನ ಭವಿಷ್ಯವನ್ನು ಕಾಯುತ್ತಿದ್ದೇನೆಂದು ನಾನು ತಿಳಿದಿದ್ದ ಮೌನವನ್ನು ಅವನು ಒಪ್ಪಿಗೆಯೆಂದು ಓದಿಕೊಂಡಿದ್ದ. ಹದಿನೈದು ವರ್ಷದ ಹುಡುಗ ಹಿರಿಯರ ಮೌನವನ್ನು ಬೇರೆ ಹೇಗೆ ಓದಬೇಕಿತ್ತು?

2,700 ರೂಪಾಯಿಯನ್ನು ತನ್ನ ಸುಲಿದ ಲೆಕ್ಕದಲ್ಲಿ ಮುರಿದುಕೊಳ್ಳಿ ಎಂದು ತಾಯಿ ಹಟ ಹಿಡಿದಳು. ಯಜಮಾನರು ಹುಡುಗನಿಂದ ರಜೆಯಲ್ಲಿ ಕೆಲಸ ಮಾಡಿಸಿ ತೀರಿಸಿಕೊಳ್ಳುತ್ತೇನೆಂದರು. ಶಿಕ್ಷೆಯಾಗಿ ಕೂಲಿಯಿಲ್ಲದ ಕೆಲಸ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ನಮಗಿಲ್ಲ ಎಂದು ನಾನು ತಡೆದೆ. ಕೊನೆಗೆ ತಾಯಿಯ ಮಾತೇ ನಡೆಯಿತು, ಮೂರು ಕಂತಿನಲ್ಲಿ. ತಪ್ಪು ಮಗನದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂರುವ ಬೆನ್ನು ತಾಯಿಯದು. ಈ ಪರಿಹಾರ ಸರಿಯಾಯಿತೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಅವಳ ಕೆಲಸ ಹೋಗಲಿಲ್ಲ, ಹುಡುಗ ಪರೀಕ್ಷೆಗೆ ಕುಳಿತ, ಊರಿನಲ್ಲಿ ಅವನ ಹೆಸರು ಹೊರಬೀಳಲಿಲ್ಲ. ಇಷ್ಟನ್ನು ಉಳಿಸಲು ಹನ್ನೊಂದು ದಿನ ಬೇಕಿರಲಿಲ್ಲ.

ಗೌಡರಿಗೆ ಯಜಮಾನರು ‘ನಾಳೆಯಿಂದ ಬಾ’ ಎಂದು ಆಳಿನ ಕೈಯಲ್ಲಿ ಹೇಳಿ ಕಳಿಸಿದರು. ಅವರು ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಬೇಡವೆಂದು ಹೇಳಿ ಕಳಿಸಿದ ಹಾಗೆಯೇ ಬಾ ಎಂದೂ ಹೇಳಿ ಕಳಿಸಿದರೆ ಆಗುವುದಿಲ್ಲ, ನೀವೇ ಹೋಗಬೇಕು ಎಂದು ಯಜಮಾನರ ಹೆಂಡತಿ ಹೇಳಿದರು. 24ರ ಸಂಜೆ ಯಜಮಾನರು ಅವರ ಮನೆಗೆ ಹೋಗಿ, ಅಕ್ಕಪಕ್ಕದವರು ಕೇಳುವಂತೆ, ತಪ್ಪಾಯಿತು ಎಂದರು. ಡೇರಿಯ ಸಾಲಿನಲ್ಲಿ ನಾನೂ ಮರುದಿನ, ಯಾರೂ ಕೇಳದಿದ್ದರೂ, ‘ಗೌಡರು ತೆಗೆದದ್ದಲ್ಲ, ನನಗೆ ಗೊತ್ತು’ ಎಂದು ಸ್ಪಷ್ಟವಾಗಿ ಹೇಳಿದೆ. ಮತ್ಯಾರು ಎಂದು ಕೇಳಿದರು. ಅದನ್ನು ಹೇಳಲಿಲ್ಲ.

ಮುಂದಿನ ವಾರ ಗೌಡರು ಅಂಗಳಕ್ಕೆ ಬಂದರು. ನಾನು ದಣಪೆಯ ಬಳಿ ಹೋಗಿ ನಿಂತೆ. ಕ್ಷಮೆ ಕೇಳಲು ಹೋದವಳಿಗೆ ಅವರೇ ಮೊದಲು ಕೇಳಿದರು: ‘ನೀವು ಕಂಡದ್ದು ಯಾವತ್ತು ಅಕ್ಕೋರೆ?’

ಶನಿವಾರ, ಹನ್ನೊಂದನೇ ತಾರೀಕು ಎಂದೆ.

‘ನಂಗೆ ಬೇಡ ಅಂದದ್ದು ಗುರುವಾರ’ ಎಂದು ಅವರು ಹೆಬ್ಬೆರಳನ್ನು ಕಿರುಬೆರಳಿನ ಗೆರೆಗೆ ಇಟ್ಟು ಎಣಿಸಿದರು. ಆದಿತ್ಯವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ‘ಐದು ದಿವಸ’ ಎಂದರು, ಮತ್ತು ಬಾಗಿ ಅಡಿಕೆ ಮಗುಚತೊಡಗಿದರು.